ನಮ್ಮ ಕಂಪ್ಯೂಟರಿನ ರಾಹುಕಾಲ

ಚೆನ್ನಾಗಿ ನಡೆಯುತ್ತಿರುವುದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನನ್ನ ರಿಪೇರಿಯಿಂದಲೇ ಕೆಟ್ಟ ಗಡಿಯಾರ, ರೇಡಿಯೋ, ಇಸ್ತ್ರಿಪೆಟ್ಟಿಗೆಗಳೆಲ್ಲ ಕುಕ್ ಟೌನಿನ ನಮ್ಮ ಬಾಡಿಗೆ ಮನೆಯ ಅಟ್ಟದಲ್ಲಿ ವಿಶ್ರಾಂತಿ ಪಡೆಯುತ್ತಿದ್ದವು. ಕಂಪ್ಯೂಟರ್ ಮಾತ್ರ ಉಳಿದಿತ್ತು. ಆಫೀಸಿನ ಗೆಳೆಯ ಬಷೀರ್ ಒಂದು ದಿನ, "ಮೆಮೊರಿನ ಸ್ವಲ್ಪ ಜೋರಾಗಿ ಓಡ್ಸು ಮಗಾ. ಸೆಟ್ಟಿಂಗ್‌ನಲ್ಲಿ ಒಂದು ನಂಬರ್ ಏರ್ಸಿದ್ರೆ ಪುಕ್ಕಟೆ ಸ್ಪೀಡು" ಅಂದ. ಪುಕ್ಕಟೆ ಎಂದ ಮೇಲೆ ಜಿಪುಣತನ ಯಾಕೆಂದು ನಾನು ಧಾರಾಳವಾಗಿಯೇ ಏರಿಸಿದೆ.

ಪರದೆ ಕಪ್ಪಾಯಿತು. ಪೆಟ್ಟಿಗೆಯೊಳಗಿಂದ ಬೀಪ್, ಬೀಪ್, ಬೀಪ್ ಎಂದು ಅಳು. ಸರಿಯಾಗಿ ಅದೇ ಹೊತ್ತಿಗೆ ಮಾವನವರು ಕನ್ನಡಕ ಒರೆಸಿಕೊಳ್ಳುತ್ತ ಬಂದು ಕೂತರು. ಜಾತಕ ನೋಡುವ ಅವರ ಸಾಫ್ಟ್‌ವೇರ್ ಇದ್ದದ್ದು ಅದರಲ್ಲೇ. ಅಂದು ನನ್ನ ನಾದಿನಿ ರೋಹಿಣಿಗೂ ಹೊರಮಾವಿನ ಹುಡುಗನಿಗೂ ಜಾತಕ ಕೂಡಿಸಬೇಕಿತ್ತು. ಹುಡುಗನನ್ನು ರೋಹಿಣಿ ಆಗಲೇ ಮನಸಾರೆ ಒಪ್ಪಿದ್ದಳು.

"ಕೂತ ತಕ್ಷಣ ಹಿಂಗೆ ಅಳೋದು ಅಂದ್ರೆ ಶಕುನ ಸರಿಯಿಲ್ಲ. ಈ ಸಂಬಂಧ ಬೇಡ" ಎಂದರು ಮಾವ. ರೋಹಿಣಿಯ ಮುಖ ಬಾಡಿತು.

"ಶಕುನ ಅಲ್ಲ ಮಾವ, ನಾನು!" ಎಂದೆ. ಅವರು ನಂಬಲಿಲ್ಲ. ಅಳಿಯನಿಂದ ಅಷ್ಟೆಲ್ಲ ಆಗುತ್ತದೆಂದು ಅವರು ಯಾವತ್ತೂ ಒಪ್ಪಿದವರಲ್ಲ. ಕೊನೆಗೆ, "ಸಂಜೆಯೊಳಗೆ ಎದ್ರೆ ನೋಡೋಣ" ಎಂದರು.

ಮೆಮೊರಿ ಪಟ್ಟಿಗಳನ್ನು ಕಿತ್ತು, ಒರೆಸಿ, ಅದಲುಬದಲು ಮಾಡಿದೆ. ಅಳು ನಿಲ್ಲಲಿಲ್ಲ. ಬಷೀರನಿಗೆ ಫೋನ್ ಮಾಡಿದರೆ, "ಬೋರ್ಡ್ ಮೇಲಿನ ಸೆಲ್ ತೆಗ್ದು ಸ್ವಲ್ಪ ಹೊತ್ತು ಇಡು ಗುರು. ನೀನು ಮಾಡಿದ್ದನ್ನೆಲ್ಲ ಮರ್ತುಬಿಡತ್ತೆ, ಜಾತಕಗಳು ಹಾಗೇ ಇರತ್ವೆ" ಅಂದ. ತೆಗೆದೆ. ಅಷ್ಟರಲ್ಲಿ ಗುರುವಾರದ ರಾಹುಕಾಲ ಶುರುವಾಗಿತ್ತು. ಮೂರು ಗಂಟೆಯವರೆಗೆ ಸ್ವಿಚ್ ಮುಟ್ಟಕೂಡದೆಂದು ಮಾವನ ಅಪ್ಪಣೆಯಾಯಿತು.

ಅಂಗೈಯಲ್ಲಿ ಸೆಲ್ ಹಿಡಿದು ಕಿಟಕಿಯ ಬಳಿ ಕೂತೆ. ಎದುರಿನ ಬಂಗಲೆಯ ಮಳೆಮರದ ನೆರಳು ರಸ್ತೆ ದಾಟಿ ನಮ್ಮ ಗೇಟಿಗೆ ಬಂದಿತ್ತು. ಎಲ್ಲಿಂದಲೋ ಬೇಕರಿಯ ವಾಸನೆ, ದೂರದಲ್ಲಿ ರೈಲಿನ ಕೂಗು. ಪೆಟ್ಟಿಗೆ ಒಂದೊಂದಾಗಿ ಎಲ್ಲವನ್ನೂ ಮರೆಯುತ್ತಿರಬಹುದು ಎಂದುಕೊಂಡೆ. ನನಗೂ ಬೆನ್ನಲ್ಲೆಲ್ಲಾದರೂ ಇಂಥದ್ದೊಂದು ಸೆಲ್ ಇದ್ದಿದ್ದರೆ ಎಷ್ಟು ಹಗುರಾಗಬಹುದಿತ್ತು! ಹೊಸ್ತಿಲಲ್ಲಿ ಉಗುರು ಕಚ್ಚುತ್ತಿದ್ದ ರೋಹಿಣಿ, "ಭಾವ, ನಿದ್ದೆ ಮಾಡ್ಬೇಡಿ" ಎಂದಾಗ ಎಚ್ಚರವಾಯಿತು.

ಮೂರು ಹೊಡೆದ ಮೇಲೆ ಸೆಲ್ ಹಾಕಿ ಸ್ವಿಚ್ ಒತ್ತಿದೆ. ಒಂದೇ ಒಂದು ಬೀಪ್, ಆಮೇಲೆ ಬೆಳಕು. ಯಂತ್ರದ ತಲೆ ನೆಟ್ಟಗಿದೆಯೇ ಎಂದು ನೋಡಲು ಮಾವ ಮೊದಲು ನನ್ನ ಜಾತಕ ಪ್ರಿಂಟ್ ಮಾಡಿ ಪಕ್ಕಕ್ಕಿಟ್ಟರು. ನಂತರ ರೋಹಿಣಿಯದು. "ಚೆನ್ನಾಗೇ ಕೂಡ್ತದೆ ಕಣಮ್ಮ" ಎಂದದ್ದೇ ತಡ, ಅವಳು ಒಳಗೆ ಓಡಿದಳು.

ನನ್ನ ಹೆಂಡತಿ ಸುಮಿತ್ರಾ ಆ ಮೊದಲಿನ ಹಾಳೆ ಎತ್ತಿಕೊಂಡು ಗಟ್ಟಿಯಾಗಿ ಓದಿದಳು: "ಪ್ರಸ್ತುತ ವರ್ಷ ವಿವಾಹಯೋಗವಿದೆ. ಸದ್ಗುಣಿ ಪತ್ನಿ ದೊರೆಯುವಳು."

ಆಗ ಪರದೆಯ ಮೂಲೆ ನೋಡಿದೆ. ಪೆಟ್ಟಿಗೆ ತಾರೀಖನ್ನೂ ಮರೆತು ನಮ್ಮ ಮದುವೆಗೆ ಮುಂಚಿನ ಜನವರಿಯಲ್ಲಿ ಎದ್ದಿತ್ತು. ಅಲ್ಲಿ ನಾನಿನ್ನೂ ಬ್ರಹ್ಮಚಾರಿ, ಅಟ್ಟ ಖಾಲಿ. ಸರಿಪಡಿಸಲು ಹೋದ ಕೈ ಒಂದು ಗಳಿಗೆ ಅಲ್ಲೇ ನಿಂತಿತು.

"ಇರ್ಲಿ ಬಿಡಿ, ಬದಲಾಯಿಸ್ಬೇಡಿ," ಎಂದಳು ಸುಮಿತ್ರಾ. "ನಾನೂ ಇನ್ನೊಂದ್ಸಲ ಯೋಚ್ನೆ ಮಾಡ್ತೀನಿ."