ಸಮುದ್ರಕ್ಕೆ ಒಯ್ದ ಬಾಗಿನ

ಚಿನ್ಮಯಿ, ತೇಜು, ನಿಮ್ಮ ಹಿರಿಯೂರಜ್ಜಿಯ ಲೆಕ್ಕದಲ್ಲಿ ಸಮುದ್ರವೂ ಒಂದು ಕೆರೆ! ನಂಬುವುದಿಲ್ಲವೇ? ನಿಮ್ಮಪ್ಪ ಕಳಿಸಿದ ಆ ಉದ್ದನೆಯ ಹಡಗಿನ ಪ್ರವಾಸಕ್ಕೆ ನಿಮ್ಮ ತಾತನ ಈ ಅಕ್ಕನ ಜೊತೆ ಹೋದವಳು ನಿಮ್ಮಜ್ಜಿ ನಾನೇ ಅಲ್ಲವೇ?

ಎಲ್ಲರೂ ಪೆಟ್ಟಿಗೆಯಲ್ಲಿ ಬಟ್ಟೆ ತಂದಿದ್ದರೆ ಅಕ್ಕ ಬಾಗಿನ ತಂದಿದ್ದರು! ಎರಡು ಮೊರ, ನಡುವೆ ಕುಬುಸದ ಕಣ, ಅರಿಶಿನ ಕುಂಕುಮ, ಹಸಿರು ಗಾಜಿನ ಬಳೆ, ಅವರದೇ ತೋಟದ ತೆಂಗಿನಕಾಯಿ. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದರೆ ನೀರಿಗೆ ಬಾಗಿನ ಬಿಡುತ್ತೇವಲ್ಲ, ಹಾಗೆ ಸಮುದ್ರಕ್ಕೂ ಬಿಡುವುದಾಗಿ ಹರಕೆಯಂತೆ.

ಮೊದಲ ದಿನವೇ ಬಿಡಬಹುದಿತ್ತು. ಬಿಟ್ಟಾರೆಯೇ? ದಿನವೂ ಬೆಳಗ್ಗೆ ಹಡಗಿನಂಚಿನ ಕಂಬಿ ಹಿಡಿದು ಬಗ್ಗಿ ನೋಡುವುದು, "ಇನ್ನಾ ಕೋಡಿ ಬಿದ್ದಿಲ್ಲ ಕಣೇ" ಎಂದು ಬಂದು ತಿಂಡಿಗೆ ಕೂರುವುದು! ಒಮ್ಮೆ ಪಕ್ಕದ ಮೇಜಿನ ವಿದೇಶಿ ಮುದುಕನನ್ನೂ ಕೇಳಿದರು: "ಏನಪ್ಪ, ಇವತ್ತು ನೀರು ಎಷ್ಟು ಅಡಿ ಬಂದೈತೆ?"

ಆತ "ಗುಡ್ ಮಾರ್ನಿಂಗ್" ಎಂದ.

"ಪಾಪ, ಇವ್ನಿಗೂ ಗೊತ್ತಿಲ್ಲ" ಎಂದರು. ನನಗೋ ನಾಚಿಕೆಯಿಂದ ತಟ್ಟೆಯೊಳಗೇ ಇಳಿದುಬಿಡುವಂತಾಯಿತು!

ಕಡೆಯ ದಿನ ಬಂದೇಬಿಟ್ಟಿತು. ಸಂಜೆಗೆ ಮುಂಬಯಿ, ಹರಕೆ ಇನ್ನೂ ಪೆಟ್ಟಿಗೆಯಲ್ಲಿ! ಕೋಡಿ ಬೀಳಲಿ ಬಿಡಲಿ ಎಂದು ಅಕ್ಕ ಮೊರ ಎತ್ತಿದರು. ಭಾರವೆಂದು ಇನ್ನೊಂದು ಕಡೆ ನಾನು ಹಿಡಿದುಕೊಂಡೆ. ಕಂಬಿಯ ಬಳಿ ಹೋಗುತ್ತಲೇ ಹಡಗಿನಲ್ಲಿ ಕೆಲಸಕ್ಕಿದ್ದ ಕಾರವಾರದ ಹೆಣ್ಣುಮಗಳು ಓಡಿ ಬಂದಳು.

"ಅಜ್ಜಿ, ಸಮುದ್ರಕ್ಕೆ ಏನೂ ಹಾಕಬಾರದು, ಕಾನೂನಿದೆ!"

"ಕಸ ಹಾಕ್ಬಾರ್ದು ತಾಯಿ. ಇದು ಬಾಗಿನ!"

"ಗಾಜಿನ ಬಳೆ ಬೇರೆ ಇದೆಯಲ್ಲ?"

"ಮತ್ತೆ? ಗಂಗಮ್ಮ ಬೋಳುಗೈಲಿ ಇರ್ಬೇಕೇನು?"

ಹಾಗೆಂದವರು ಗಕ್ಕನೆ ನಿಂತರು. ಮೊರ ಹಿಡಿದಿದ್ದ ನನ್ನ ಕೈಗಳನ್ನು ನೋಡಿದರು. ನಿಮ್ಮ ತಾತ ಹೋದಾಗಿನಿಂದ ಅವುಗಳಿಗೆ ಬಳೆಯಿಲ್ಲ. ಯಾರ ಮನೆಯಲ್ಲಿ ಬಾಗಿನ ಕೊಟ್ಟರೂ ನಾನು ಬಾಗಿಲ ಹಿಂದೆ ನಿಲ್ಲುವವಳು.

"ಲೇ ಹುಡುಗಿ, ಸೆರಗೊಡ್ಡು" ಎಂದರು ನನಗೆ.

"ನಂಗೆ ಕೊಡಂಗಿಲ್ಲ ಅಕ್ಕಾ..."

"ಸಮುದ್ರಕ್ಕೂ ಹಾಕಂಗಿಲ್ಲ, ನಿಂಗೂ ಕೊಡಂಗಿಲ್ಲ! ಒಂದು ಕಾನೂನು ಕೇಳೀನಿ, ಎರಡನೇದು ಕೇಳಲ್ಲ. ಹಿಡಿ!"

ಒಂದೊಂದಾಗಿ ಹಸಿರು ಬಳೆ ನನ್ನ ಕೈಗೆ ತೊಡಿಸಿದರು. ಅಷ್ಟು ಹೊತ್ತೂ ಮೊರ ಹಿಡಿದುಕೊಂಡವಳು ಕಾರವಾರದವಳು. ಅಕ್ಕ ನನ್ನ ಕಣ್ಣನ್ನೇ ನೋಡಿ ಮೆಲ್ಲಗೆ ಅಂದರು: "ಈಗ ಬಿತ್ತು ನೋಡು ಕೋಡಿ."

ಮಕ್ಕಳೇ, ಈ ಹಾಳೆಗಳನ್ನು ಅದೇ ಎರಡು ಮೊರಗಳ ನಡುವೆ ಇಟ್ಟಿದ್ದೇನೆ. ಜೋಪಾನ ಮಾಡಿ.