ಸಹಪಾಠಿಯ ಷರಾ

ಹಾಸಿಗೆ ಕಾರ್ಖಾನೆಯ ರವಾನೆ ವಿಭಾಗದ ಮುಖ್ಯಸ್ಥರಾಗಿದ್ದ ನಮ್ಮ ಯಜಮಾನರಿಗೆ (ಹೆಂಡತಿ ಅವರನ್ನು ಹಾಗೆ ಕರೆಯುತ್ತಿದ್ದುದರಿಂದ ನಾವೂ ಹಾಗೇ ಕರೆಯೋಣ, ಯಜಮಾನಿಕೆ ಎಷ್ಟಿತ್ತು ಎಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ) ತಲೆ ಅರ್ಧ ನೆರೆತ ಮೇಲೆ ತುರ್ತಾಗಿ ಒಂದು ಪದವಿ ಬೇಕಾಯಿತು. ಹಲ್ಲುನೋವು ಬಂದವನಿಗೆ ಲವಂಗ ಬೇಕಾಗುವಷ್ಟು ತುರ್ತಾಗಿ.

ಕಾರ್ಖಾನೆಗೆ ಹೊಸ ದೊಡ್ಡ ಸಾಹೇಬರು ಬಂದಿದ್ದರು. ವಯಸ್ಸು ಚಿಕ್ಕದು, ಕನ್ನಡಕ ದೊಡ್ಡದು. ಬಂದವರೇ ಮುಖ್ಯಸ್ಥರನ್ನೆಲ್ಲ ಸಾಲಾಗಿ ಕೂರಿಸಿ, "ಡಿಗ್ರಿ ಇಲ್ಲದೋರು ದೂರಶಿಕ್ಷಣದಲ್ಲಾದ್ರೂ ಬೇಗ ಮುಗಿಸ್ಕೊಳ್ಳಿ. ಇಲ್ಲಾಂದ್ರೆ ಕುರ್ಚಿ ಬಿಟ್ಟು ಲಾರಿಗೆ ಲೋಡು ಮಾಡ್ಸೋಕೆ ಹೋಗ್ಬೇಕಾಗತ್ತೆ" ಎಂದರು. ಹೇಳುವಾಗ ಅವರು ನೋಡಿದ್ದು ಎಲ್ಲರ ಕಡೆಗೆ. ಯಜಮಾನರಿಗೆ ಮಾತ್ರ ತಮ್ಮೊಬ್ಬರನ್ನೇ ನೋಡಿದಂತಾಯಿತು.

ಕಾರಣ ಇಷ್ಟೇ. ಕಾಲೇಜಿನ ಕೊನೆಯ ವರ್ಷದಲ್ಲಿ ಸಂಖ್ಯಾಶಾಸ್ತ್ರದ ಪ್ರಶ್ನೆಪತ್ರಿಕೆ ಕಂಡು ಬೆವರಿ, ಪರೀಕ್ಷೆಯ ಕೋಣೆಯಿಂದ ನೀರು ಕುಡಿದು ಬರುತ್ತೇನೆಂದು ಎದ್ದು ಹೋದವರು ಇನ್ನೂ ಹಿಂತಿರುಗಿರಲಿಲ್ಲ. ಇದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಮನೆಯಲ್ಲಿ. ಮದುವೆಯ ಮಾತುಕತೆಯಲ್ಲಿ ಸೋದರಮಾವ "ಹುಡುಗ ಪದವೀಧರ" ಎಂದು ಘೋಷಿಸಿಬಿಟ್ಟಾಗ ಹುಡುಗನ ಬಾಯಿ ತುಂಬ ಸಿಹಿ ಇತ್ತು. ಅಲ್ಲ ಎನ್ನಲು ಜಾಗವಿರಲಿಲ್ಲ. ನುಂಗಿದ ಮೇಲೆ ಜಾಗವಾಯಿತು ನಿಜ, ಆದರೆ ಅಷ್ಟರಲ್ಲಿ ಎಲ್ಲರೂ ನಗುತ್ತಿದ್ದರು. ಸಂತೋಷದ ವೇಳೆಯಲ್ಲಿ ಅಪಶಕುನ ನುಡಿಯಬಾರದೆಂದು ಸುಮ್ಮನಾದರು. ಆಮೇಲೆ ಅದೇ ಸುಳ್ಳಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತರು. ಮನೆಯಲ್ಲಿ ಯಾವ ಜಗಳ ಸೋಲುವಂತಾದರೂ "ಡಿಗ್ರಿ ಓದಿದೋನಿಗೆ ಹೇಳ್ಕೊಡ್ತೀಯಾ?" ಎಂಬ ಬ್ರಹ್ಮಾಸ್ತ್ರ ಸಿದ್ಧವಿರುತ್ತಿತ್ತು. ಮದುವೆಗಾಗಿ ಕಾಲೇಜನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ ಹೆಂಡತಿ ಅದನ್ನು ಕೇಳಿದೊಡನೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಅಂದು ಸಂಜೆ ಯಜಮಾನರು ಮನೆಯ ಕಂಪ್ಯೂಟರಿನ ಮುಂದೆ ಕುಳಿತು ಅಗ್ಗದ, ಬೇಗ ಸಿಗುವ, ಮಾನ್ಯತೆಯೂ ಇರುವ ಪದವಿಗಾಗಿ ಹುಡುಕಾಟ ಶುರುಮಾಡಿದರು. ಜಗತ್ತು ಇಷ್ಟು ಉದಾರವಾಗಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. "ಒಂದೇ ತಿಂಗಳಲ್ಲಿ ಪದವಿ! ಪರೀಕ್ಷೆಯಿಲ್ಲ! ಪುಸ್ತಕವಿಲ್ಲ!" ಎಂದು ಪರದೆಯ ತುಂಬ ಟೋಪಿ ಹಾಕಿಕೊಂಡವರು ಜಿಗಿಯುತ್ತಿದ್ದರು. (ಟೋಪಿ ಆಮೇಲೆ ಯಾರ ತಲೆಗೆ ಬೀಳುತ್ತದೆಂದು ಅಲ್ಲಿ ಬರೆದಿರಲಿಲ್ಲ.) ಅವರ ಬೆರಳು ಇನ್ನೇನು ಒತ್ತಬೇಕು, ಅಷ್ಟರಲ್ಲಿ ಬೆನ್ನ ಹಿಂದಿನಿಂದ, ಒಗೆದ ಬಟ್ಟೆಯ ರಾಶಿಯ ಮರೆಯಿಂದ ಒಂದು ದನಿ ಬಂತು.

"ಯಾರಿಗ್ರೀ ಡಿಗ್ರಿ?"

ಯಜಮಾನರು ಬೆರಳನ್ನು ಹಿಂದಕ್ಕೆಳೆದುಕೊಂಡರು. "ಅದು... ನಮ್ಮ ಕಾರ್ಖಾನೇಲಿ ಒಬ್ಬ ಇದಾನೆ. ಲೋಡಿಂಗ್ ನೋಡ್ಕೊಳ್ಳೋನು. ಓದು ಅರ್ಧಕ್ಕೆ ಬಿಟ್ಟಿದ್ದ ಬಡಪಾಯಿ. ನೀವಾದ್ರೆ ಓದಿದೋರು, ಸ್ವಲ್ಪ ನೋಡಿ ಸಾರ್ ಅಂದ."

"ಪಾಪ. ವಯಸ್ಸೆಷ್ಟು?"

"ನನ್ನಷ್ಟೇ. ಅಂದ್ರೆ, ನನಗಿಂತ ಒಂಚೂರು ಜಾಸ್ತಿ."

"ಅವನ ಹೆಂಡ್ತಿಗೆ ಗೊತ್ತಾ, ಓದು ಮುಗ್ದಿಲ್ಲ ಅಂತ?"

"ಇಲ್ವಂತೆ."

"ಕಟ್ಕೊಂಡೋಳಿಗೇ ಸುಳ್ಳು ಹೇಳ್ಕೊಂಡು ಬಂದಿದಾನಾ? ಎಂಥಾ ಗಂಡಸೋ! ಅವಳಿಗೆ ಗೊತ್ತಾದ್ರೆ ಏನಂದ್ಕೊಳ್ತಾಳೆ ಅನ್ನೋ ಯೋಚ್ನೆ ಬೇಡ್ವಾ?"

"ನಾಳೆ ಅವನಿಗೆ ಛೀಮಾರಿ ಹಾಕ್ತೀನಿ" ಎಂದು ಯಜಮಾನರು ಗಂಟಲು ಸರಿಮಾಡಿಕೊಂಡರು.

ಬಟ್ಟೆಯ ರಾಶಿಯನ್ನು ಗಂಡನ ಮಡಿಲಿಗೆ ಹಾಕಿ, ಹೆಂಡತಿ ಪರದೆಯ ಮುಂದೆ ಕುಳಿತಳು. "ಒಂದು ತಿಂಗಳಲ್ಲಿ ಡಿಗ್ರಿ ಅಂತೆ! ಒಂದು ತಿಂಗಳಿಂದ ನಮ್ಮನೆ ನಲ್ಲಿ ರಿಪೇರಿ ಆಗಿಲ್ಲ." (ನಲ್ಲಿ ಯಜಮಾನರ ಖಾತೆಗೆ ಸೇರಿದ್ದು.) ಮರುದಿನದಿಂದ ಬಿಡುವಾದಾಗಲೆಲ್ಲ ಒಂದೊಂದು ಸಂಸ್ಥೆಗೆ ಫೋನು ಮಾಡಿ, ಟೊಮೇಟೊ ಹಿಸುಕಿ ನೋಡುವ ಹಾಗೆ ಒಂದೊಂದು ಪದವಿಯನ್ನೂ ಹಿಸುಕಿ ನೋಡಿದಳು.

"ಮಾನ್ಯತೆ ಇದೆ ಅಂತೀರಿ, ಯಾರು ಕೊಟ್ಟಿದ್ದು? ... ನಿಮ್ಮ ಸಂಸ್ಥೆಯೋರೇನಾ? ನಿಮಗೆ ನೀವೇ ಮಾನ್ಯತೆ ಕೊಟ್ಕೊಳ್ಳೋದಾದ್ರೆ ನಾನೂ ನನ್ನನ್ನೇ ಮಹಾರಾಣಿ ಅಂತ ಕರ್ಕೊಳ್ಬೋದಲ್ಲ. ಇಡಿ ಫೋನು!"

ಕೊನೆಗೆ ಒಂದು ಸಿಕ್ಕಿತು. ಸರ್ಕಾರದ ಅಂಗೀಕೃತ ಪಟ್ಟಿಯಲ್ಲಿ ಹೆಸರಿದ್ದದ್ದು. ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದಾದದ್ದು. ಹಿಂದೆ ಓದಿದ್ದನ್ನೂ ಮಾಡಿದ ಕೆಲಸವನ್ನೂ ಲೆಕ್ಕಕ್ಕೆ ಹಿಡಿದು, ಉಳಿದದ್ದನ್ನಷ್ಟೇ ಓದಿಸಿ ಬೇಗ ದಾಟಿಸುವಂಥದ್ದು. "ನಿಮ್ಮ ಬಡಪಾಯಿಗೆ ಇದಕ್ಕೇ ಸೇರ್ಕೊಳ್ಳೋಕೆ ಹೇಳಿ" ಎಂದ ಹೆಂಡತಿ ಅಲ್ಲೇ ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಅಲ್ಲಾ, ನಾನೂ ಅರ್ಧಕ್ಕೆ ಬಿಟ್ಟವಳೇ. ಡಿಗ್ರಿ ಇದ್ರೆ ಶಿಶುವಿಹಾರದಲ್ಲಿ ನನ್ನನ್ನ ಆಯಾ ಕೆಲಸದಿಂದ ಟೀಚರ್ ಮಾಡ್ತಾರಂತೆ. ನಾನೂ ಸೇರ್ಕೊಂಡ್ರೆ ಹೇಗೆ?" ಎಂದಳು.

ಯಜಮಾನರು ನಕ್ಕರು. ಒಳಕೋಣೆಯಿಂದ ಅವರ ತಾಯಿ ಏನಾಯಿತೆಂದು ಇಣುಕಿ ನೋಡುವಷ್ಟು ಜೋರಾಗಿ ನಕ್ಕರು. "ನೀನಾ? ಡಿಗ್ರಿ ಅಂದ್ರೆ ಏನಂದ್ಕೊಂಡಿದೀಯ, ಸೊಪ್ಪು ಬಿಡಿಸೋ ಕೆಲಸಾನಾ? ನಾವೆಲ್ಲ ಎಷ್ಟು ಕಷ್ಟಪಟ್ಟು ಮುಗಿಸಿದೀವಿ ಅಂತ ಗೊತ್ತಾ?"

ಹೆಂಡತಿ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಡಿಸಿಕೊಂಡು ಒಳಗೆ ಹೋದಳು. ಆ ವಿಷಯ ಮತ್ತೆ ಎತ್ತಲಿಲ್ಲ.

ಯಜಮಾನರು ಮರುದಿನವೇ ಸೇರಿಕೊಂಡರು. ಗೋಡೌನಿನಲ್ಲಿ ಚಾವಣಿ ಮುಟ್ಟುವಂತೆ ಪೇರಿಸಿದ್ದ ಹಾಸಿಗೆಗಳ ತುದಿಗೆ ಏಣಿ ಹಾಕಿ ಹತ್ತಿ, ಊಟದ ಬಿಡುವಿನಲ್ಲಿ ಅಲ್ಲೇ ಫೋನು ಹಿಡಿದು ವಿದ್ಯಾರ್ಜನೆ ನಡೆಸಿದರು. ಆಡಳಿತಶಾಸ್ತ್ರದ ಪಾಠಕ್ಕೂ ಡಬಲ್ ಸ್ಪ್ರಿಂಗಿನ ಹಾಸಿಗೆಗೂ ಒಳ್ಳೆಯ ಹೊಂದಾಣಿಕೆ. ಮೊದಲ ಪುಟ ಮುಗಿಯುವ ಮೊದಲೇ ಗೊರಕೆ ಶುರುವಾಗುತ್ತಿತ್ತು. ಒಮ್ಮೆ ಕೆಳಗಿನ ಕೆಲಸಗಾರರು ಅದನ್ನು ಯಂತ್ರದ ಸದ್ದೆಂದು ಭಾವಿಸಿ ಮೆಕ್ಯಾನಿಕ್‌ನನ್ನು ಕರೆಸಿದ್ದರು.

ಹೀಗೆ ತೆವಳುತ್ತ ಸಾಗಿದ ಓದಿನ ನಡುವೆ ಒಂದು ದೊಡ್ಡ ಪ್ರಬಂಧ ಬರೆಯುವ ಸರದಿ ಬಂತು. ವಿಷಯ: ನಿಮಗೆ ತಿಳಿದಿರುವ ಒಂದು ಸಣ್ಣ ಸಂಸ್ಥೆಯ ಆಡಳಿತವನ್ನು ವಿಮರ್ಶಿಸಿ. ಯಜಮಾನರು ತಮ್ಮ ರವಾನೆ ವಿಭಾಗದ ಬಗ್ಗೆ ಬರೆದರು. ಓದಿದವರಿಗೆ ಆ ವಿಭಾಗದಲ್ಲಿ ಅವರನ್ನು ಬಿಟ್ಟು ಬೇರೆ ಯಾರೂ ಇದ್ದಂತೆ ಕಾಣುತ್ತಿರಲಿಲ್ಲ. ಆದರೆ ಆ ಕಾಲೇಜಿನಲ್ಲಿ ಒಂದು ಪದ್ಧತಿಯಿತ್ತು. ಒಬ್ಬ ವಿದ್ಯಾರ್ಥಿ ಬರೆದದ್ದನ್ನು ಇನ್ನೊಬ್ಬ ವಿದ್ಯಾರ್ಥಿಯೇ ತಿದ್ದಿ, ಕೆಳಗೆ ಷರಾ ಬರೆಯಬೇಕು. ಯಾರದ್ದು ಯಾರಿಗೆ ಹೋಯಿತೆಂದು ಹೆಸರು ಹೇಳುವುದಿಲ್ಲ. ಮೇಷ್ಟ್ರು ಮೇಲಿಂದ ನೋಡಿ ಸಹಿ ಹಾಕುತ್ತಾರೆ ಅಷ್ಟೇ.

ತಿದ್ದುವ ಅಧಿಕಾರ ಕೈಗೆ ಬಂದ ದಿನ ಯಜಮಾನರಿಗೆ ನಿದ್ದೆಯೇ ಬರಲಿಲ್ಲ. ಹಾಸಿಗೆಗಳ ಮೇಲೆ ನೆಟ್ಟಗೆ ಕುಳಿತು ಓದಿದರು.

"ಇದು ನಾಲ್ಕು ಜನರಿರುವ, ಊಟ-ವಸತಿ ಒದಗಿಸುವ ಸಣ್ಣ ಸಂಸ್ಥೆ. ವ್ಯವಸ್ಥಾಪಕರು ಒಬ್ಬರು, ಸಹಾಯಕಿ ಒಬ್ಬಳು, ಹಿರಿಯ ಸಲಹೆಗಾರರು ಒಬ್ಬರು, ತರಬೇತಿಯಲ್ಲಿರುವ ಕಿರಿಯಳು ಒಬ್ಬಳು. ಉತ್ಪಾದನಾ ವಿಭಾಗಕ್ಕೆ ವ್ಯವಸ್ಥಾಪಕರು ಇದುವರೆಗೆ ಕಾಲಿಟ್ಟಿಲ್ಲ. ಉತ್ಪನ್ನದಲ್ಲಿ ಉಪ್ಪು ಕಡಿಮೆಯಾಗಿದೆಯೆಂದು ಮಾತ್ರ ತಪ್ಪದೆ ವರದಿ ಕೊಡುತ್ತಾರೆ. ಸಹಾಯಕಿ ಹೊರಗೂ ಒಂದು ಕೆಲಸ ಮಾಡಿ ಬಂದು ಇಲ್ಲಿನ ಮೂರೂ ಪಾಳಿ ನಡೆಸುತ್ತಾಳೆ. ಅವಳಿಗೆ ರಜೆಯೆಂಬುದಿಲ್ಲ. ಅವಳು ಸಲಹೆ ಕೊಟ್ಟರೆ ವ್ಯವಸ್ಥಾಪಕರು ತಮ್ಮ ವಿದ್ಯಾರ್ಹತೆಯನ್ನು ನೆನಪಿಸುತ್ತಾರೆ. ವಾರದ ನಂತರ ಅದೇ ಸಲಹೆಯನ್ನು ತಮ್ಮದೆಂದು ಪ್ರಕಟಿಸುತ್ತಾರೆ. ಮುಂದೆ ಓದಬೇಕೆಂದು ಅವಳು ಒಮ್ಮೆ ಕೇಳಿದಳು. ವ್ಯವಸ್ಥಾಪಕರು ನಕ್ಕರು."

ಯಜಮಾನರ ರಕ್ತ ಕುದಿಯಿತು. "ಎಂಥಾ ಅಯೋಗ್ಯ!" ಎಂದು ಹಾಸಿಗೆಯನ್ನು ಗುದ್ದಿದರು. ಹಾಸಿಗೆ ಅವರನ್ನು ಎರಡು ಸಲ ಎತ್ತಿ ಹಾಕಿತು. ಇಂಥ ಊಟದ ಮನೆಯೊಂದು ಯಾವ ಬೀದಿಯಲ್ಲಿದೆಯೋ, ಸಿಕ್ಕಿದರೆ ಆ ವ್ಯವಸ್ಥಾಪಕನ ಕಪಾಳಕ್ಕೆ ಬಾರಿಸಬೇಕು ಎನಿಸಿತು. ಬದುಕಿನಲ್ಲಿ ಮೊದಲ ಬಾರಿಗೆ ಪೂರ್ತಿ ಎಚ್ಚರವಾಗಿದ್ದುಕೊಂಡು ಷರಾ ಬರೆದರು. ಕಳಿಸಿದ ಮೇಲೆ ತಾವು ಇಷ್ಟು ನ್ಯಾಯವಂತರೇ ಎಂದು ತಮಗೇ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಮನೆಗೆ ಹೋಗಿ, ಸೋಫಾದ ಮೇಲೆ ಕಾಲು ಚಾಚಿ, ಆಗಷ್ಟೇ ಶಿಶುವಿಹಾರದಿಂದ ಬಂದು ಚಪ್ಪಲಿ ಬಿಡುತ್ತಿದ್ದ ಹೆಂಡತಿಗೆ "ಕಾಫಿ ಎಲ್ಲೇ?" ಎಂದು ಗದರಿದರು.

ಕೆಲವು ವಾರ ಕಳೆದು, ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕುಳಿತು ಊಟ ಮುಗಿಸುತ್ತಿದ್ದಾಗ ಹೆಂಡತಿ ಮಜ್ಜಿಗೆ ಬಡಿಸುವುದನ್ನು ನಿಲ್ಲಿಸಿದಳು. ಮುಖ ಕೆಂಪಾಗಿತ್ತು.

"ಒಂದು ವಿಷಯ ಹೇಳ್ತೀನಿ, ಬಯ್ಯಬೇಡಿ. ಅವತ್ತು ನಿಮ್ಮ ಕಾರ್ಖಾನೆಯೋನಿಗೆ ಹುಡುಕಿದ್ನಲ್ಲ, ಆ ಕಾಲೇಜಿಗೆ ನಾನೂ ಸೇರ್ಕೊಂಡೆ. ನೀವು ನಗ್ತೀರಾ ಅಂತ ಹೇಳಿರಲಿಲ್ಲ. ನಿನ್ನೆ ಪ್ರಬಂಧದ ಫಲಿತಾಂಶ ಬಂತು. ಎಲ್ಲರಿಗಿಂತ ನನಗೇ ಜಾಸ್ತಿ."

ಮಗಳು ಚಪ್ಪಾಳೆ ತಟ್ಟಿದಳು. ಅತ್ತೆ, ಸೊಸೆಯನ್ನು ಎಂದೂ ಹೊಗಳದ ಅತ್ತೆ, "ಭೇಷ್" ಎಂದರು. ಯಜಮಾನರ ತುತ್ತು ಅರ್ಧ ದಾರಿಯಲ್ಲಿ ನಿಂತಿತು. "ಯಾವ... ಪ್ರಬಂಧ?"

"ಒಂದು ಸಣ್ಣ ಸಂಸ್ಥೆ ಬಗ್ಗೆ ಬರೀಬೇಕಿತ್ತು. ನನಗೆ ಇನ್ಯಾವ ಸಂಸ್ಥೆ ಗೊತ್ತು? ಮನೆ ಅಂದ್ರೆ ಒಪ್ಪಲ್ವೇನೋ ಅಂತ ಊಟ-ವಸತಿ ಅಂತ ಬರ್ದೆ" ಎಂದು ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ನಿಮ್ಮ ಬಗ್ಗೆ ಸ್ವಲ್ಪ ಬರ್ದಿದೀನಿ. ಕೋಪ ಮಾಡ್ಕೋಬೇಡಿ. ತಿದ್ದಿರೋರು ಏನು ಬರ್ದಿದಾರೆ ಕೇಳಿ ಅತ್ತೆ."

ಫೋನು ತೆಗೆದು, ಕನ್ನಡಕ ಏರಿಸಿ ಓದಿದಳು.

"'ಈ ವ್ಯವಸ್ಥಾಪಕ ಸಂಸ್ಥೆಯನ್ನು ನಡೆಸುತ್ತಿಲ್ಲ, ಸಂಸ್ಥೆ ಇವನನ್ನು ಸಾಕುತ್ತಿದೆ. ಇವನ ವಿದ್ಯಾರ್ಹತೆಯ ಬಗ್ಗೆಯೇ ನನಗೆ ಬಲವಾದ ಅನುಮಾನವಿದೆ.'"

"ಅದನ್ನ ಯಾಕೆ ಬರ್ದ್ರೋ ಪಾಪ, ಗೊತ್ತಿಲ್ಲದೆ" ಎಂದು ಹೆಂಡತಿ ನಡುವೆ ಗಂಡನಿಗೆ ಸಮಾಧಾನ ಹೇಳಿ ಮುಂದುವರಿಸಿದಳು. "'ಅಧಿಕಾರವನ್ನೆಲ್ಲ ಸಹಾಯಕಿಗೆ ಕೂಡಲೇ ವಹಿಸತಕ್ಕದ್ದು. ವ್ಯವಸ್ಥಾಪಕನನ್ನು ಪಾತ್ರೆ ತೊಳೆಯುವಲ್ಲಿಂದ ಆರಂಭಿಸಿ ತಳಮಟ್ಟದ ತರಬೇತಿಗೆ ಹಾಕತಕ್ಕದ್ದು. ಓದಬೇಕೆಂದಾಗ ಅವನು ನಕ್ಕನೆಂಬುದನ್ನು ಓದಿ ನನ್ನ ಕಣ್ಣು ಒದ್ದೆಯಾಯಿತು. ಆ ತಾಯಿ ಓದಲಿ. ಅವರಿಗೆ ನನ್ನ ನಮಸ್ಕಾರ.'"

ಓದಿ ಮುಗಿಸಿ ಫೋನಿನ ಪರದೆಯನ್ನು ಸೆರಗಿನಿಂದ ಒರೆಸಿದಳು. "ಇದನ್ನ ಎಷ್ಟು ಸಲ ಓದ್ಕೊಂಡಿದೀನೋ. ಯಾರೋ ಏನೋ, ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ. ಇವರನ್ನ ಕಟ್ಕೊಂಡೋಳು ಪುಣ್ಯ ಮಾಡಿರ್ಬೇಕು."

"ದೇವರಂಥೋನು" ಎಂದರು ಯಜಮಾನರ ಸ್ವಂತ ತಾಯಿ.

ಯಜಮಾನರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಅಪರಿಚಿತಳಾಗಿದ್ದಾಗ ಯಾರಿಗಾಗಿ ಅತ್ತಿದ್ದರೋ ಅವಳು ದಿನಾ ಕಣ್ಣೆದುರಿಗೇ ಓಡಾಡಿಕೊಂಡಿದ್ದಳು. ಒಮ್ಮೆಯೂ ಕಣ್ಣು ಒದ್ದೆಯಾಗಿರಲಿಲ್ಲ. ನಾಚಿಕೆಯೆಂದರೆ ಇದು ಎಂದು ಅವರಿಗೆ ಈ ವಯಸ್ಸಿನಲ್ಲಿ ತಿಳಿಯಿತು. ಇನ್ನು ಬಚ್ಚಿಟ್ಟರೆ ತಾನು ಮನುಷ್ಯನೇ ಅಲ್ಲ ಎಂದುಕೊಂಡು, ಬಾಯಲ್ಲಿದ್ದುದನ್ನು ಈ ಸಲ ಬೇಗನೆ ನುಂಗಿದರು.

"ಅದನ್ನ ಬರ್ದಿದ್ದು ನಾನೇ ಕಣೇ."

ಮೂವರೂ ತಿರುಗಿ ನೋಡಿದರು.

"ನಾನೇ. ನನ್ನ ಡಿಗ್ರಿ ಆಗೇ ಇಲ್ಲ. ಆ ಲೋಡಿಂಗ್‌ನೋನು, ಬಡಪಾಯಿ, ಅದೂ ನಾನೇ. ನಾನೂ ಅದೇ ಕಾಲೇಜಲ್ಲಿ ಓದ್ತಾ ಇದೀನಿ."

ಹೆಂಡತಿ ಫೋನನ್ನು ಮೇಜಿನ ಮೇಲಿಟ್ಟಳು. ಮುಖದ ಮೇಲಿದ್ದ ಸಂತೋಷ ಹೋಗಿ ಬೇಸರ ಬಂತು.

"ನೋಡಿ ಅತ್ತೆ ನಿಮ್ಮ ಮಗನ್ನ! ನನ್ನ ಬಗ್ಗೆ ಯಾರೋ ಪುಣ್ಯಾತ್ಮರು ಒಂದು ಒಳ್ಳೇ ಮಾತಾಡಿದ್ರೆ ಅದೂ ತಮ್ದೇ ಅಂತಾರೆ. ಅದಕ್ಕೋಸ್ಕರ ಮುಗ್ಸಿರೋ ಡಿಗ್ರೀನೂ ಮುಗ್ಸಿಲ್ಲ ಅಂತ ಸುಳ್ಳು ಹೇಳ್ತಾರಲ್ಲ! ಸ್ವಲ್ಪನಾದ್ರೂ ನಾಚಿಕೆ ಬೇಡ್ವೇನ್ರೀ ನಿಮಗೆ?"

"ಬಿಡಪ್ಪಾ" ಎಂದಳು ಮಗಳು, ಅಪ್ಪನಿಗಾಗಿ ತಾನೇ ನಾಚಿಕೊಂಡು.

ಪುರಾವೆ ಯಜಮಾನರ ಜೇಬಿನಲ್ಲೇ ಇತ್ತು. ಫೋನು ತೆಗೆದು ತೋರಿಸಿದರೆ ಮುಗಿಯುತ್ತಿತ್ತು. ಕೈ ಜೇಬಿನ ತನಕ ಹೋಯಿತು. ತೋರಿಸಿದರೆ ತನ್ನ ಸುಳ್ಳು ಬಯಲಾಗುವುದೊಂದೇ ಅಲ್ಲ, ಹೆಂಡತಿಗೆ ನಮಸ್ಕಾರ ಹೇಳಿದ ಆ ಮಹಾನುಭಾವನೂ ಈ ಮನೆಯಿಂದ ಹೊರಟುಹೋಗುತ್ತಾನೆ, ಉಳಿಯುವುದು ತಾನು. ಅವಳಿಂದ ಅವನನ್ನು ಕಸಿದುಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ. (ಧೈರ್ಯ ಬರಲಿಲ್ಲವೆಂದರೂ ತಪ್ಪಿಲ್ಲ.) ಕೈಯನ್ನು ಖಾಲಿಯಾಗಿಯೇ ಹೊರಗೆ ತೆಗೆದರು. ಎದ್ದು, ನಾಲ್ಕೂ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ತಲೆ ತಗ್ಗಿಸಿ ಅಡುಗೆಮನೆಗೆ ನಡೆದರು. ಅವರು ಆ ದಿಕ್ಕಿಗೆ ತಟ್ಟೆ ಒಯ್ದದ್ದನ್ನು ಮನೆಯವರು ಅದುವರೆಗೆ ಕಂಡಿರಲಿಲ್ಲ. ಒಳಗೆ ನಲ್ಲಿ ಬಿಟ್ಟ ಸದ್ದಾಯಿತು. ಆಮೇಲೆ ಒಂದೊಂದಾಗಿ ಡಬ್ಬಗಳನ್ನು ತೆರೆದು ಮುಚ್ಚುವ ಸದ್ದು. ಕೊನೆಗೆ ಯಜಮಾನರ ದನಿ ಮೆಲ್ಲಗೆ ಕೇಳಿಸಿತು.

"ಏನೇ, ಪಾತ್ರೆ ತೊಳೆಯೋ ಸೋಪು ಎಲ್ಲಿಡ್ತೀಯಾ?"

ಹೆಂಡತಿ ಮಗಳ ಕಡೆ ತಿರುಗಿದಳು.

"ಕೇಳಿಸ್ತೇನೇ? ಆ ಷರಾ ಬರ್ದೋರು ಇವರೇ ಅಂತೆ!"