ಮೂರು ಪೊಟ್ಟಣದ ಪರೀಕ್ಷೆ

ಯೋಗಾನಂದ ಮಾಡಿದ ತಪ್ಪು ಒಂದೇ. ಕಾಫಿಪುಡಿಯ ಪೊಟ್ಟಣಗಳನ್ನು ಕಾಫಿಪುಡಿಯ ಡಬ್ಬದಲ್ಲೇ ಇಟ್ಟ. ಬೇರೆಯವರ ಮನೆಯಲ್ಲಾಗಿದ್ದರೆ ಅದನ್ನು ಯಾರೂ ತಪ್ಪು ಎನ್ನುತ್ತಿರಲಿಲ್ಲ.

ಆದರೆ ಅವು ಪರೀಕ್ಷೆಯ ಪೊಟ್ಟಣಗಳು. ಬೆಂಗಳೂರಿನ ಒಂದು ಮುಕ್ತ ಕಲಿಕಾ ಸಂಸ್ಥೆ ಅವನ್ನು ಅಂಚೆಯಲ್ಲಿ ಕಳಿಸಿತ್ತು. ‘ಅ’, ‘ಆ’, ‘ಇ’ ಎಂದು ಗುರುತು ಹಾಕಿ, ಬಾಯಿಗೆ ಕೆಂಪು ಚೀಟಿ ಅಂಟಿಸಿ, ಕ್ಯಾಮೆರಾದ ಮುಂದೆಯೇ ಒಡೆಯಬೇಕು, ಮೊದಲೇ ಒಡೆದರೆ ಪರೀಕ್ಷೆ ರದ್ದು ಎಂದು ಎಚ್ಚರಿಸಿತ್ತು. ಕಾಫಿಗೆ ಅಕ್ಕಪಕ್ಕದ ವಾಸನೆ ಬೇಗ ಹಿಡಿಯುತ್ತದೆ ಎಂದು ಪಾಠದಲ್ಲಿ ಹೇಳಿದ್ದರು. ಹೆಂಡತಿ ನೇತ್ರಾವತಿಯ ಅಡುಗೆಮನೆಯಲ್ಲಿ ಇಂಗು, ಸಾರಿನ ಪುಡಿ ಸೋಕದ ಜಾಗ ಆ ಡಬ್ಬವೊಂದೇ. ಅದರಲ್ಲಿದ್ದ ಮನೆಯ ಪುಡಿಯೂ ಹಿಂದಿನ ದಿನವೇ ಮುಗಿದಿತ್ತು.

ಹೆತ್ತೂರಿನ ಯೋಗಾನಂದ ಹೊಂಗಡಹಳ್ಳದ ಕಡೆಯ ಎಸ್ಟೇಟೊಂದರಲ್ಲಿ ರೈಟರು. ಮಳೆಗಾಲವೆಲ್ಲ ಕಂಬಳಿಕೊಪ್ಪೆ ಹೊದ್ದು, ಜಿಗಣೆಗಳಿಗೆ ರಕ್ತ ಕೊಡುತ್ತ, ಆಳುಗಳ ಹಾಜರಿ ಹಿಡಿಯುವ ಕೆಲಸ. ಸಾಹುಕಾರ ರಾಜಶೇಖರ್ ಸ್ಟೋರಿನ ಪಕ್ಕ ಕಾಫಿಯ ರುಚಿ ನೋಡುವುದಕ್ಕೆಂದೇ ಒಂದು ಕೋಣೆ ಕಟ್ಟಿಸಿದ್ದರು. “ಕಂಪ್ಯೂಟರ್‌ನಾಗೆ ಯಾರ್ ಬೇಕಾದ್ರೂ ಸೇರೋ ಕೋರ್ಸ್ ಬಂದೈತಂತೆ. ಪಾಸ್ ಮಾಡು, ಆ ಕೋಣೆ ನಿಂದು. ಇಲ್ದಿದ್ರೆ ಬೇರೆಯವ್ರನ್ನ ನೋಡ್ತೀನಿ” ಎಂದಿದ್ದರು. ಜಿಗಣೆಯಿಲ್ಲದ ನಾಲ್ಕು ಗೋಡೆಗಳನ್ನು ಯೋಗಾನಂದ ಕನಸಿನಲ್ಲೂ ಕಾಣತೊಡಗಿದ್ದ.

ಅದರ ಜೊತೆಗೆ ಅವನನ್ನು ಒಂದು ಕುತೂಹಲವೂ ಹಿಡಿದಿತ್ತು. ತಂತಿಯಲ್ಲಿ ಮಾತು ಬರುತ್ತದೆ, ಚಿತ್ರ ಬರುತ್ತದೆ, ರುಚಿ ಹೇಗೆ ಬಂದೀತು? ಇಲ್ಲಿ ತನ್ನ ನಾಲಗೆ ಕಲಿತದ್ದು ಬೆಂಗಳೂರಿನಲ್ಲಿ ಕೂತವರಿಗೆ ಹೇಗೆ ತಿಳಿದೀತು? ಪಾಠ ಹೇಳುವ ತನುಜಾ ಮೇಡಂ ಅವರನ್ನೇ ಒಮ್ಮೆ ಕೇಳಿದ. ಅವರು ನಕ್ಕು, “ಅದಕ್ಕೆ ನಮ್ಮದೇ ಒಂದು ದಾರಿ ಇದೆ” ಎಂದಷ್ಟೇ ಹೇಳಿದರು.

ಪರೀಕ್ಷೆಯ ಬೆಳಿಗ್ಗೆ ಅವನು ಬಚ್ಚಲಿಗೆ ಹೋಗಿದ್ದ, ನೇತ್ರಾವತಿ ಕೊಟ್ಟಿಗೆಯಲ್ಲಿದ್ದಳು. ಕಾಫಿ ಕುಡಿಯುವುದಕ್ಕೂ ಪರೀಕ್ಷೆಯಂತೆ ಎಂಬ ಸುದ್ದಿ ಬೀದಿಗೆಲ್ಲ ಹಬ್ಬಿ, ಹರಸಿ ಕಳಿಸಲು ಜನ ಬಂದು ಜಗಲಿಯಲ್ಲಿ ಕೂತರು. ಬಂದವರನ್ನು ಕಾಫಿಯಿಲ್ಲದೆ ಕೂರಿಸುವುದುಂಟೇ? ಎದುರುಮನೆಯ ಗಂಗಾಮಣಿ ಸೆರಗು ಸಿಕ್ಕಿಸಿಕೊಂಡು ತಾನೇ ಒಳಗೆ ಹೋಗಿ ಒಲೆ ಹಚ್ಚಿದಳು. ‘ಅ’ ಪೊಟ್ಟಣ ಮೊದಲ ಸುತ್ತಿಗೆ ಮುಗಿಯಿತು. ಜನ ಬರುತ್ತಲೇ ಇದ್ದುದರಿಂದ ‘ಆ’ ಒಡೆದಳು, ಆಮೇಲೆ ‘ಇ’ ಕೂಡ.

ಅವಳ ಗಂಡ ಶಾಂತಮಲ್ಲಪ್ಪ ಮೂರು ಸುತ್ತಿನಲ್ಲೂ ಲೋಟ ಒಡ್ಡಿದ. ನಶ್ಯ ಏರಿಸಿ ಏರಿಸಿ ಅವನ ಮೂಗು ಯಾವ ಕಾಲದಲ್ಲೋ ಸತ್ತಿತ್ತು. ಸಾರಿಗೆ ಉಪ್ಪು ಮರೆತರೂ ಚೆನ್ನಾಗೈತೆ ಅನ್ನುವ ಆಸಾಮಿ.

“ಬೇರೆ ಬೇರೆ ಪುಡಿ ಕಣ್ರೀ. ಯಾವ್ದ್ ಚೆನ್ನಾಗೈತೆ?” ಎಂದು ಗಂಗಾಮಣಿ ಕೇಳಿದಳು.

“ಮೂರೂ ಒಂದೇ ಕಣೇ” ಎಂದು ಅವನು ಮೂಗಿಗೆ ಇನ್ನೊಂದು ಚಿಟಿಕೆ ಏರಿಸಿದ. ಜಗಲಿಯೆಲ್ಲ ನಕ್ಕಿತು.

ಒದ್ದೆ ತಲೆಯಲ್ಲಿ ಹೊರಗೆ ಬಂದ ಯೋಗಾನಂದನಿಗೆ ಮೊದಲು ಕಂಡದ್ದು ಒಲೆಯ ಪಕ್ಕ ಬಿದ್ದಿದ್ದ ಖಾಲಿ ಪೊಟ್ಟಣಗಳು. ಒಂದನ್ನು ಎತ್ತಿಕೊಂಡು ಜಗಲಿಗೆ ಓಡಿದ.

“ಗಂಗಕ್ಕ, ಈ ಪುಡಿ ಎಲ್ಲಿತ್ತು?”

“ಕಾಫಿ ಡಬ್ಬದಾಗೆ. ಇನ್ನೆಲ್ಲಿರ್ತೈತೆ?”

ಯೋಗಾನಂದ ಪೊಟ್ಟಣದ ಕೆಂಪು ಚೀಟಿ ತೋರಿಸಿದ. ಕುಡಿದದ್ದು ಪರೀಕ್ಷೆಯನ್ನೇ ಎಂದು ಗೊತ್ತಾದಾಗ ಜಗಲಿಯವರು ಲೋಟ ಕೆಳಗಿಟ್ಟರು. ಆದರೆ ಆ ಬೀದಿಯಲ್ಲಿ ಕಾಫಿಪುಡಿಯನ್ನು ಲೋಟದಲ್ಲಿ ಕೈಗಡ ತರುವುದು, ಲೋಟದಲ್ಲೇ ತೀರಿಸುವುದು ಹಿಂದಿನಿಂದ ಬಂದ ರೂಢಿ.

“ಅದ್ಯಾಕೆ ಅಷ್ಟ್ ಯೋಚ್ನೆ ಮಾಡ್ತೀಯ ಮಾರಾಯ? ಕುಡ್ದಿದ್ನ ನಾವೇ ತುಂಬುಸ್ಕೊಡ್ತೀವಿ ಬುಡು” ಎಂದ ಶಾಂತಮಲ್ಲಪ್ಪ.

“ಯಾವ ಪೊಟ್ಟಣದಾಗೆ ಯಾವ ಪುಡಿ ಐತೆ ಅಂತ ಮೇಡಂಗೆ ಗೊತ್ತಿರ್ತದಲ್ಲಣ್ಣ.”

“ಅವ್ರು ಏನ್ ಕಳ್ಸಿರ್ತಾರೆ? ಒಂದ್ ಒಳ್ಳೇದು, ಒಂದ್ ಸಾಧಾರಣ, ಒಂದ್ ಕೆಟ್ಟದ್ದು. ನಾವೂ ಹಂಗೇ ತುಂಬಣ.”

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಯೋಗಾನಂದನಿಗೂ ಅದು ಸರಿಯೆನ್ನಿಸಿತು. ಗಂಗಾಮಣಿ ತನ್ನ ಮನೆಯ ಚಿಕೋರಿ ತುಂಬಿದ ಪುಡಿ ತಂದಳು. ಕೆಂಚಯ್ಯನ ಹೋಟೆಲಿನಿಂದ ಹುರಿದು ಕರಕಲಾದ ರೊಬಸ್ಟಾ ಪುಡಿ ಬಂತು. ನೇತ್ರಾವತಿ ಗೊಣಗುತ್ತಲೇ ಅಂಗಳದಲ್ಲಿ ಒಣಗುತ್ತಿದ್ದ ಅರೇಬಿಕಾ ಕಾಫಿಬೀಜದ ಸಿಪ್ಪೆ ಬಿಡಿಸಿ, ಬಾಣಲೆಯಲ್ಲಿ ಹುರಿದು ಕುಟ್ಟಿಕೊಟ್ಟಳು. ಗಂಗಾಮಣಿ ಅಚ್ಚುಕಟ್ಟಿನ ಹೆಂಗಸು, ಚೀಟಿ ಹರಿಯದಂತೆ ಬಿಡಿಸಿದ್ದಳು. ಅನ್ನದ ಅಗುಳು ಉಜ್ಜಿ ಮತ್ತೆ ಅಂಟಿಸಿದರು. ಯಾವುದು ಯಾವ ಪೊಟ್ಟಣಕ್ಕೆ ಎಂಬುದನ್ನು ಮಾತ್ರ ದೇವರಿಗೇ ಬಿಟ್ಟರು.

ಸಿದ್ದುವಿನ ಕಂಪ್ಯೂಟರ್ ಅಂಗಡಿಯಲ್ಲಿ ಪರೀಕ್ಷೆ. ಕಿಟಕಿಯ ತುಂಬ ತಲೆಗಳು. ಸಾಹುಕಾರರೂ ಜೀಪು ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತರು. ಪರದೆಯ ಮೇಲೆ ತನುಜಾ ಮೇಡಂ ಮುಖ ಮೂಡಿ, ನಿಂತು, ಮತ್ತೆ ಅಲುಗಿತು.

“ಸೀಲು ತೋರಿಸಿ.”

ಯೋಗಾನಂದ ಪೊಟ್ಟಣಗಳನ್ನು ಕ್ಯಾಮೆರಾಕ್ಕೆ ಹಿಡಿದ. ಆ ಕ್ಯಾಮೆರಾದಲ್ಲಿ ಅವನ ಮೀಸೆಯೇ ಸರಿಯಾಗಿ ಕಾಣುತ್ತಿರಲಿಲ್ಲ, ಇನ್ನು ಅನ್ನದ ಅಗುಳು ಎಲ್ಲಿಂದ ಕಂಡೀತು. ಮೇಡಂ “ಸರಿ, ಶುರು ಮಾಡಿ” ಎಂದರು.

ಮೂರು ಬಟ್ಟಲಿಗೆ ಪುಡಿ ಹಾಕಿ ಬಿಸಿನೀರು ಹೊಯ್ದ. ಚಮಚದಲ್ಲಿ ತೆಗೆದು ಸುರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಪಕ್ಕದ ಡಬರಿಗೆ ಉಗಿದ. ಸದ್ದು ಮಾಡಿ ಕುಡಿದರೆ ಚಿಕ್ಕಂದಿನಲ್ಲಿ ಅವ್ವ ಬಯ್ಯುತ್ತಿದ್ದಳು, ಈ ಕೋರ್ಸಿನಲ್ಲಿ ಸದ್ದಿಗೇ ಅಂಕ.

“ಉಗಿಯಕ್ಕೆ ಇಷ್ಟೆಲ್ಲ ಓದ್ಬೇಕಾ?” ಎಂದಿತು ಕಿಟಕಿಯ ಒಂದು ತಲೆ.

ಆದರೆ ಮೊದಲ ಗುಟುಕಿಗೇ ಯೋಗಾನಂದನ ಹೆದರಿಕೆ ಮಾಯವಾಯಿತು. ನಾಲಗೆ ನಿಜವಾಗಿಯೂ ಕಲಿತಿತ್ತು. ಅದು ತಿಳಿದು ಅವನಿಗೇ ಬೆರಗಾಯಿತು, ಖುಷಿಯೂ ಆಯಿತು.

“‘ಅ’ ಪೊಟ್ಟಣ ರೊಬಸ್ಟಾ ಮೇಡಂ. ಹುರಿಯೋವಾಗ ಸೀದುಹೋಗಿದೆ. ‘ಆ’ ಪೊಟ್ಟಣದಲ್ಲಿ ಅರ್ಧಕ್ಕರ್ಧ ಚಿಕೋರಿ. ‘ಇ’ ಮಾತ್ರ ಒಳ್ಳೇ ಅರೇಬಿಕಾ, ಕಿತ್ತಳೆಹಣ್ಣಿನ ಹುಳಿ ಇದೆ. ಆದ್ರೆ ಈಗ ತಾನೆ ಹುರಿದ ಹಾಗಿದೆ, ಸ್ವಲ್ಪ ಸೌದೆ ಹೊಗೆ ಹಿಡ್ದಿದೆ.”

ಒಂದು ಮಾತೂ ತಪ್ಪಿರಲಿಲ್ಲ. ಕಿಟಕಿಯಲ್ಲಿದ್ದ ನೇತ್ರಾವತಿ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು. ಪರದೆಯಲ್ಲಿ ಮೇಡಂ ಮುಖ ಮತ್ತೆ ನಿಂತಿತು. ಲೈನು ಹೋಯಿತೇನೋ ಎಂದು ಸಿದ್ದು ತಂತಿ ಅಲುಗಾಡಿಸಿ ನೋಡಿದ.

“ಯೋಗಾನಂದ ಅವರೇ, ತಂತಿಯಲ್ಲಿ ರುಚಿ ಹೇಗೆ ಅಳೀತೀರಿ ಅಂತ ಕೇಳಿದ್ರಿ ಅಲ್ವಾ? ಹೀಗೇ. ಮೂರು ಪೊಟ್ಟಣಕ್ಕೂ ನಾವು ಒಂದೇ ಚೀಲದ ಪುಡಿ ತುಂಬಿ ಕಳಿಸಿರ್ತೀವಿ. ನಾಲಗೆ ಕಲಿತವರು ಮೂರೂ ಒಂದೇ ಅಂತಾರೆ, ಕಲೀದೇ ಇರೋರು ಕತೆ ಕಟ್ತಾರೆ. ಇಷ್ಟು ಚೆನ್ನಾಗಿ ಕತೆ ಕಟ್ಟಿದವರನ್ನ ನಾನು ಇದುವರೆಗೂ ನೋಡಿರಲಿಲ್ಲ. ನಮ್ಮಲ್ಲಿ ಯಾರು ಬೇಕಾದ್ರೂ ಸೇರಬಹುದು, ಆದ್ರೆ ಸೇರಿದವರನ್ನೆಲ್ಲ ಪಾಸ್ ಮಾಡೋಕಾಗಲ್ಲ.”

ಯೋಗಾನಂದ ಬಾಯಿ ತೆರೆದ. ನಿಜ ಹೇಳಿದರೆ ಸೀಲು ಒಡೆದ ಕಳ್ಳ, ಹೇಳದಿದ್ದರೆ ರುಚಿ ತಿಳಿಯದ ದಡ್ಡ. ತೆರೆದ ಬಾಯನ್ನು ಹಾಗೇ ಮುಚ್ಚಿದ.

ಆಗ ಕಿಟಕಿಯಿಂದ ಶಾಂತಮಲ್ಲಪ್ಪನ ದನಿ ಬಂತು. “ನಾನ್ ಆಗ್ಲೇ ಹೇಳ್ಲಿಲ್ವಾ, ಮೂರೂ ಒಂದೇ ಅಂತ?”

“ಯಾರವರು?” ಮೇಡಂ ಪರದೆಯ ಹತ್ತಿರ ಬಾಗಿದರು. “ನೋಡಿದ್ರಾ, ನಾಲಗೆ ಅಂದ್ರೆ ಅದು.”

ಬಾಗಿಲಲ್ಲಿದ್ದ ಸಾಹುಕಾರರು ಹಿಂದಕ್ಕೆ ತಿರುಗಿ, ಶಾಂತಮಲ್ಲಪ್ಪನನ್ನು ಹೊಸದಾಗಿ ಕಂಡವರಂತೆ ಅಡಿಯಿಂದ ಮುಡಿವರೆಗೆ ನೋಡಿದರು. “ನಾಳೆ ಎಸ್ಟೇಟ್ ಕಡೆ ಬನ್ನಿ. ಒಂದ್ ಕೋಣೆ ಐತೆ, ತೋರಿಸ್ತೀನಿ” ಎಂದರು. ಯೋಗಾನಂದನಿಗೆ, “ನೀನು ಆಳುಗಳ ಲೈನ್ ಮನೆ ಕಡೆ ಹೋಗಿ ಹಾಜ್ರಿ ಹಿಡ್ದುಬುಡು, ಹೊತ್ತಾಯ್ತು” ಎಂದು ಜೀಪು ಹತ್ತಿದರು.

ಜನ ಕರಗಿದರು. ಯೋಗಾನಂದ ‘ಇ’ ಬಟ್ಟಲಿನಲ್ಲಿ ಉಳಿದಿದ್ದ ಅರೇಬಿಕಾವನ್ನು ಈ ಸಲ ಉಗಿಯದೆ ಕುಡಿದ. ಕಿತ್ತಳೆಯ ಹುಳಿ ಇನ್ನೂ ಹಾಗೇ ಇತ್ತು.

ಶಾಂತಮಲ್ಲಪ್ಪ ಒಳಗೆ ಬಂದು, ಒಂದು ಚಿಟಿಕೆ ನಶ್ಯ ಏರಿಸಿ, ಪಕ್ಕದಲ್ಲಿ ಕೂತು ಅವನ ಹೆಗಲ ಮೇಲೆ ಕೈಯಿಟ್ಟ.

“ಬೇಜಾರ್ ಮಾಡ್ಕಬೇಡ ಯೋಗ. ನಂಗೆ ಮಿಕ್ಕಿದ್ದೆಲ್ಲ ಬತ್ತದೆ. ಆ ಸುರ್ ಅಂತ ಎಳ್ದು ಉಗಿಯೋದೊಂದು ಹೇಳ್ಕೊಟ್ಬುಡು ಮಾರಾಯ.”